ಬೆಳಕಿನಲ್ಲಿ ಇಟ್ಟದ್ದು ಕತ್ತಲೆಯಲ್ಲಿ ದೊರೆಯುವುದು

ಅಜ್ಞಾನವನ್ನು ಕತ್ತಲೆಯೆಂದೂ ಅರಿವನ್ನು ಜ್ಯೋತಿಯೆಂದೂ ಶರಣರು ಕರೆದರು. ಈ ರೂಪಕವು ಶರಣರಿಗೆ ಮಾತ್ರ ಮೀಸಲಾದುದಲ್ಲ. ಉಪನಿಷತ್ತುಗಳೂ ಆಗಮಗಳೂ ಅನ್ಯದೇಶದ ಧರ್ಮಗ್ರಂಥಗಳೂ ಇದನ್ನೇ ಹೇಳಿವೆ. ಆದರೆ ಬಹುಕಾಲ ಬಾಯಿಂದ ಬಾಯಿಗೆ ಬಂದ ನಾಣ್ಯದ ಮುದ್ರೆ ಸವೆಯುವಂತೆ ಬಹುಜನರ ನಾಲಗೆಯಲ್ಲಿ ಹೊರಳಿದ ರೂಪಕದ ಅರ್ಥವೂ ಸವೆಯುತ್ತದೆ. ಪ್ರವಚನದಲ್ಲಿ “ಕತ್ತಲೆ” ಎಂಬ ಶಬ್ದವನ್ನು ಕೇಳಿದ ಗೃಹಸ್ಥನು ತಲೆದೂಗುತ್ತಾನೆ. ಕತ್ತಲೆಯು ಮಾತ್ರ ಅವನ ಕಣ್ಣಿಗೆ ಕಟ್ಟುವುದಿಲ್ಲ. ಏಕೆಂದರೆ ಗುಂಡಿಯೊಂದನ್ನು ಒತ್ತಿದೊಡನೆ ಬೆಳಗುವ ಮನೆಯಲ್ಲಿ ಅವನು ಬಾಳುತ್ತಾನೆ. ನಿಜವಾದ ಕತ್ತಲೆಯನ್ನು ಕಂಡ ನೆನಪು ಅವನಿಗಿದ್ದರೆ ಅದು ಬಹುಶಃ ಬಾಲ್ಯಕಾಲದ್ದು.

ಕತ್ತಲೆಯ ಸ್ವರೂಪವನ್ನೂ ಬೆಳಕಿನ ಮಹಿಮೆಯನ್ನೂ ವಿವರಿಸಿದ ಗ್ರಂಥಗಳು ಅನೇಕ ಉಂಟು. ಆದರೆ ಗೃಹಸ್ಥನನ್ನು ನಿಜವಾಗಿ ಕಾಡತಕ್ಕ ಪ್ರಶ್ನೆ ಇವೆರಡರ ನಡುವೆ ಇದೆ. ಕತ್ತಲೆ ಕವಿದ ಕ್ಷಣಕ್ಕೂ ದೀಪ ಹೊತ್ತಿದ ಕ್ಷಣಕ್ಕೂ ಮಧ್ಯೆ ಒಂದು ಅಂತರವಿರುತ್ತದೆ. ಆ ಅಂತರದಲ್ಲಿ ಕಣ್ಣು ನಿರುಪಯುಕ್ತ, ಪಾಂಡಿತ್ಯವೂ ನಿರುಪಯುಕ್ತ. ಆಗ ಮನುಷ್ಯನ ಕೈ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಕನಮಡಿಯ ಒಂದು ಮನೆಯಲ್ಲಿ ನಡೆದ ಸಣ್ಣ ಪ್ರಸಂಗವು ಉಪಯುಕ್ತವಾಗಿದೆ.

ಕನಮಡಿಯು ವಿಜಯಪುರ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಮಹಾರಾಷ್ಟ್ರದ ಜತ್ತ ತಾಲೂಕಿನ ಗಡಿಗೆ ಸಮೀಪವಾಗಿರುವ ಗ್ರಾಮ. ಇಂದು ಅದು ತಿಕೋಟಾ ತಾಲೂಕಿಗೆ ಸೇರಿದೆ. ಹಿಂದೆ ಬಿಜಾಪುರ ತಾಲೂಕಿನಲ್ಲಿತ್ತು. ಮಳೆ ಕಡಿಮೆ, ಬಿಸಿಲು ಹೆಚ್ಚು; ಜೋಳ, ಕುಸುಬೆ, ಕಡಲೆಗಳನ್ನು ನಂಬಿ ಬದುಕಿದ ಸೀಮೆ. ವಿದ್ಯುಚ್ಛಕ್ತಿಯು ಕನ್ನಡ ನಾಡಿಗೆ ಬಂದುದು ಬಹು ಹಿಂದೆಯೇ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆಗ ಬಿಜಾಪುರ ಜಿಲ್ಲೆಯು ಮುಂಬಯಿ ಆಧಿಪತ್ಯದಲ್ಲಿತ್ತು. 1956ರಲ್ಲಿ ನಾಡು ಒಂದಾದ ಅನಂತರವೇ ಈ ಗಡಿಭಾಗದ ಹಳ್ಳಿಗಳಿಗೆ ಕಂಬ ತಂತಿಗಳು ಒಂದೊಂದಾಗಿ ಬಂದವು. ಬಂದರೂ ಆ ಬೆಳಕಿನ ಮೂಲವು ದೂರದಲ್ಲಿತ್ತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲನೆಯ ಘಟಕವು ನಡೆಯತೊಡಗುವವರೆಗೆ ರಾಜ್ಯದ ವಿದ್ಯುತ್ತು ಬಹುಮಟ್ಟಿಗೆ ಶರಾವತಿಯೇ ಮೊದಲಾದ ನದಿಗಳ ನೀರಿನಿಂದಲೇ ಹುಟ್ಟುತ್ತಿತ್ತು. ಮಲೆನಾಡಿನಲ್ಲಿ ಮಳೆ ತಪ್ಪಿದರೆ ಬಯಲುಸೀಮೆಯಲ್ಲಿ ದೀಪ ತಪ್ಪುತ್ತಿತ್ತು. ಬೇಸಿಗೆಯ ಗಾಳಿಗೆ ಕಂಬವೊಂದು ಉರುಳಿದರೂ ಅದೇ ಗತಿ.

ಪ್ರಸಂಗವು 1980ರ ದಶಕದ ಆರಂಭದ ಒಂದು ಬೇಸಿಗೆಯದು. ಹುಬ್ಬಳ್ಳಿಯಲ್ಲಿ ವಾಸವಾಗಿದ್ದ ಒಂದು ಕುಟುಂಬವು ಶಾಲೆಯ ರಜೆಗೆಂದು ಕನಮಡಿಯ ಅಜ್ಜಿಯ ಮನೆಗೆ ಬಂದಿತ್ತು. ಆ ಕುಟುಂಬದ ಮಗನಿಗೆ ಆಗ 9 ವರ್ಷ. ಆತನು ಇಂದು ಮಕ್ಕಳ ಮದುವೆಗಳನ್ನು ಮಾಡಿದ ಗೃಹಸ್ಥನು. ಈ ನೆನಪನ್ನು ತನ್ನ ಮಕ್ಕಳಿಗೆ ಅನೇಕ ಸಲ ಹೇಳಿದ್ದಾನೆ. ಅಜ್ಜಿಯ ಮನೆ ಮಣ್ಣಿನ ಮಾಳಿಗೆಯದು. ಪಡಸಾಲೆಗೊಂದು, ಅಡಿಗೆಮನೆಗೊಂದು, ಹೀಗೆ ಎರಡೇ ವಿದ್ಯುದ್ದೀಪಗಳು. ದೇವರ ಜಗಲಿಯ ಬಲಗಡೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಒಂದು ಚಿಮಣಿ, ಒಂದು ಬೆಂಕಿಪೆಟ್ಟಿಗೆ. ಗೂಡಿನ ಕೆಳಗಿನ ಗೂಟಕ್ಕೆ ಒಂದು ಕಂದೀಲು.

ಒಂದು ಸಂಜೆ ಅಜ್ಜಿಯ ಲಿಂಗಪೂಜೆ ಮುಗಿದಿತ್ತು. ಮಕ್ಕಳೆಲ್ಲ ಸಾಲಾಗಿ ಕುಳಿತು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಣ್ಣುತ್ತಿದ್ದರು. ಪಶ್ಚಿಮದಿಂದ ಧೂಳಿನ ಗಾಳಿ ಎದ್ದಿತು, ಹಿಂದೆಯೇ ಗುಡುಗು. ದೀಪವು ಎರಡು ಸಲ ಕೆಂಪಾಗಿ ಮಿಣುಕಿ ಆರಿಹೋಯಿತು. ಪಟ್ಟಣದಲ್ಲಿ ಬೆಳೆದ ಬಾಲಕನು ಅಂಥ ಕತ್ತಲೆಯನ್ನು ಅದುವರೆಗೆ ಕಂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ದೀಪ ಹೋದರೂ ಎಲ್ಲಿಯೋ ಒಂದು ಮೋಟಾರಿನ ಬೆಳಕು, ಯಾವುದೋ ಅಂಗಡಿಯ ಗ್ಯಾಸಿನ ಬತ್ತಿ ಕಿಟಕಿಯಲ್ಲಿ ಹೊಳೆಯುತ್ತಿತ್ತು. ಇಲ್ಲಿ ಮೋಡವು ನಕ್ಷತ್ರಗಳನ್ನೂ ನುಂಗಿತ್ತು. ತನ್ನ ಕೈಯನ್ನು ಮುಖದ ಮುಂದೆ ಹಿಡಿದರೆ ಕೈ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ತಂಗಿಯು ಅಳತೊಡಗಿದಳು. ಆ ಧ್ವನಿಯು ಎಷ್ಟು ದೂರದಿಂದ ಬರುತ್ತಿದೆಯೆಂಬುದೂ ಅವನಿಗೆ ತಿಳಿಯಲಿಲ್ಲ.

ತಂದೆಯು ಸುಶಿಕ್ಷಿತನು, ಎಚ್ಚರವುಳ್ಳವನು. ಹಳ್ಳಿಯಲ್ಲಿ ಹೀಗಾದೀತೆಂದು ಊಹಿಸಿ ಹುಬ್ಬಳ್ಳಿಯಿಂದಲೇ ಟಾರ್ಚು ತಂದಿದ್ದನು. ಆದರೆ ಅದನ್ನು ಯಾವ ಚೀಲದಲ್ಲಿ ಇಟ್ಟಿದ್ದನೆಂಬುದು ನೆನಪಾಗಲಿಲ್ಲ. ತಡವರಿಸುತ್ತ ಹೋಗಿ ನೀರಿನ ತಂಬಿಗೆಯನ್ನು ಉರುಳಿಸಿದನು. ಪೆಟ್ಟಿಗೆಯ ಮೂಲೆಗೆ ಕಾಲು ಬಡಿದುಕೊಂಡನು. ಕೊನೆಗೆ ಟಾರ್ಚು ಕೈಗೆ ಸಿಕ್ಕಿತು. ಗುಂಡಿ ಒತ್ತಿದರೆ ಅದು ಬೆಳಗಲಿಲ್ಲ. ಹಿಂದಿನ ವರ್ಷದ ಶೆಲ್ಲುಗಳು ಒಳಗೇ ರಸ ಸುರಿದು ಸತ್ತಿದ್ದವು.

ಅಷ್ಟರಲ್ಲಿ ಅಜ್ಜಿಯು ಮಾತನಾಡದೆ ಎದ್ದಿದ್ದಳು. ಬಾಲಕನಿಗೆ ಮೊದಲು ಕೇಳಿಸಿದ್ದು ಅವಸರವಿಲ್ಲದ ಹೆಜ್ಜೆಗಳ ಸಪ್ಪಳ. ಆ ಮೇಲೆ ಬೆಂಕಿಪೆಟ್ಟಿಗೆಯನ್ನು ಅಲುಗಿಸಿದ ಸದ್ದು. ಆ ಮೇಲೆ ಕಡ್ಡಿ ಗೀರಿದ ಸದ್ದು. ಮರುಕ್ಷಣದಲ್ಲಿ ಅಜ್ಜಿಯ ಮುಖ, ಹಣೆಯ ವಿಭೂತಿ, ಅವಳ ಕೈ, ಎಲ್ಲವೂ ಇದ್ದಲ್ಲಿಯೇ ಇದ್ದವು. ಹುಡುಗನು ಬೆರಗಾಗಿ, “ನಿನಗ ಹ್ಯಾಂಗ ಕಂಡಿತು ಅಜ್ಜೀ?” ಎಂದು ಕೇಳಿದನು. ಆಕೆ, “ನನಗೂ ಏನೂ ಕಾಣಲಿಲ್ಲೋ ತಮ್ಮಾ. ಇಟ್ಟಿದ್ದೆ, ಅದಕ್ಕ ಸಿಕ್ಕಿತು” ಎಂದಳು.

ಅಕ್ಷರವನ್ನು ಓದಲಾರದ ಆ ತಾಯಿಯ ಈ ಮಾತಿನಲ್ಲಿ ಆಚಾರತತ್ತ್ವದ ಸಾರವೇ ಅಡಗಿದೆ. ಕತ್ತಲೆಯಲ್ಲಿ ಅವಳ ಕಣ್ಣು ಅನ್ಯರ ಕಣ್ಣಿಗಿಂತ ಹೆಚ್ಚು ಕಾಣುತ್ತಿರಲಿಲ್ಲ. ಅವಳ ಧೈರ್ಯವು ಜನ್ಮತಃ ಬಂದುದೆಂದೂ ಹೇಳುವಂತಿಲ್ಲ. ಅವಳಿಗೆ ಇದ್ದುದು ಒಂದೇ: ಬೆಳಕಿದ್ದ ದಿನಗಳಲ್ಲಿ, ಯಾವ ಅವಸರವೂ ಇಲ್ಲದಿದ್ದಾಗ, ಆ ವಸ್ತುವನ್ನು ಆ ಸ್ಥಾನದಲ್ಲಿಯೇ ಇಟ್ಟು ಇಟ್ಟು ಕೈಗೆ ಬಂದ ಪರಿಚಯ. ತಂದೆಯಲ್ಲಿ ಸಾಧನವಿತ್ತು, ಸ್ಥಾನವಿರಲಿಲ್ಲ. ಅಜ್ಜಿಯಲ್ಲಿ ಸಾಧನವು ಅಲ್ಪವಾದರೂ ಸ್ಥಾನವು ಸ್ಥಿರವಾಗಿತ್ತು.

ಮರುದಿನದ ಸಂಗತಿಗಳು ಈ ಅರ್ಥವನ್ನು ಇನ್ನೂ ವಿಶದಪಡಿಸುತ್ತವೆ. ಕಂಬಗಳು ಉರುಳಿದ್ದುದರಿಂದ ಮೂರು ರಾತ್ರಿ ಊರಿಗೆ ವಿದ್ಯುತ್ತು ಬರಲಿಲ್ಲ. ಹಗಲಿನಲ್ಲಿ ಬಾಲಕನು ಅಜ್ಜಿಯ ಕೆಲಸವನ್ನು ನೋಡುತ್ತ ಕುಳಿತನು. ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿದಳು. ಬತ್ತಿಯ ಕರಿಕನ್ನು ಕತ್ತರಿಸಿ ಸಮಮಾಡಿದಳು. ಎಣ್ಣೆಯನ್ನು ಅಳೆದು ಹಾಕಿದಳು. ಮಳೆಯ ತಂಪು ತಾಕಿದ ಬೆಂಕಿಪೆಟ್ಟಿಗೆಯನ್ನು ಹೊಸ್ತಿಲ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮತ್ತೆ ಗೂಡಿನೊಳಗೆ, ಕತ್ತಲೆಯಲ್ಲಿ ತೆರೆದರೂ ಕಡ್ಡಿಗಳು ಚೆಲ್ಲದಂತೆ ಮೊಗವನ್ನು ಮೇಲುಮಾಡಿ ಇಟ್ಟಳು. ನಾಲ್ಕನೆಯ ದಿನ ಮಧ್ಯಾಹ್ನ ದೀಪ ಬಂದಿತು. ಮಕ್ಕಳು ಕೂಗಿ ಕುಣಿದರು. ಅಂದು ಸಂಜೆಯೂ ಅಜ್ಜಿಯು ಎಂದಿನಂತೆ ಬತ್ತಿಯನ್ನು ಸಮಮಾಡಿ ಎಣ್ಣೆ ತುಂಬಲು ಕುಳಿತಳು. “ಲೈಟು ಬಂದೈತಲ್ಲ, ಇನ್ಯಾಕ?” ಎಂದು ಹುಡುಗನು ಕೇಳಲು, “ಬಂದದ್ದು ಹೋಗತೈತಿ. ಹೋದಾಗ ಇದನ್ನ ಮಾಡಾಕ ಆಗೂದಿಲ್ಲ” ಎಂದಳು.

ಇಷ್ಟಲಿಂಗಧಾರಣದ ರಹಸ್ಯವನ್ನು ಇಲ್ಲಿ ವಿಚಾರಿಸತಕ್ಕದ್ದು. ದೀಕ್ಷಾಕಾಲದಲ್ಲಿ ಶ್ರೀಗುರುವು ಶಿಷ್ಯನ ಕರಸ್ಥಲಕ್ಕೆ ಲಿಂಗವನ್ನು ಅನುಗ್ರಹಿಸುತ್ತಾನೆ. ಅರಿವು ಬಯಲಿನಂತೆ ಎಲ್ಲೆಡೆಯೂ ವ್ಯಾಪಿಸಿದೆ. ಅದಕ್ಕೆ ಕುರುಹೇಕೆ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಬೆಂಕಿಯೂ ಕಾಷ್ಠದಲ್ಲಿ, ಶಿಲೆಯಲ್ಲಿ, ಎಲ್ಲೆಡೆಯೂ ಅಡಗಿದೆ. ಆದರೆ ಬಿರುಗಾಳಿಯ ರಾತ್ರಿ ಮಗುವು ಅಳುತ್ತಿರುವಾಗ ಎಲ್ಲೆಡೆಯೂ ಇರುವ ಬೆಂಕಿಯಿಂದ ಪ್ರಯೋಜನವಿಲ್ಲ. ಗೂಡಿನಲ್ಲಿ ಇರುವ ಬೆಂಕಿಯೇ ಬೇಕು. ಸರ್ವಗತವಾದ ವಸ್ತುವಿಗೆ ಗುರುವು ಒಂದು ಸ್ಥಾನವನ್ನು ಕಲ್ಪಿಸಿಕೊಟ್ಟನು. ಆ ಸ್ಥಾನವು ಕಾಶಿಯಲ್ಲಿಲ್ಲ, ಶ್ರೀಶೈಲದಲ್ಲಿಲ್ಲ, ಭಕ್ತನ ಎದೆಯ ಮೇಲಿದೆ. ಕೈಗೆ ಎಟಕುವಷ್ಟೇ ದೂರದಲ್ಲಿದೆ. ನಿತ್ಯವೂ ಕರಡಿಗೆಯನ್ನು ಬಿಚ್ಚಿ, ಕರಸ್ಥಲದಲ್ಲಿ ನಿಲಿಸಿ, ದೃಷ್ಟಿಯನ್ನು ನೆಟ್ಟು, ಮತ್ತೆ ಸ್ವಸ್ಥಾನದಲ್ಲಿ ಇಡುವ ಕ್ರಿಯೆಯು ಕೈಗೂ ಮನಕ್ಕೂ ದಾರಿಯನ್ನು ಕಲಿಸುವ ಅಭ್ಯಾಸ.

ಷಟ್ಸ್ಥಲಶಾಸ್ತ್ರವು ಭಕ್ತಿಯ ಬೆಳವಣಿಗೆಯನ್ನು ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಹಂತಗಳಲ್ಲಿ ನಿರೂಪಿಸುತ್ತದೆ. ಮೊದಲನೆಯ ಸಲ ಗೂಡಿನಲ್ಲಿ ದೀಪವನ್ನು ಇಡುವುದು ಶ್ರದ್ಧೆ. ಬೇಕಾಗದ ದಿನವೂ ಅದೇ ಗೂಡಿನಲ್ಲಿಯೇ ಇಡುವುದು ನಿಷ್ಠೆ. ಎಣ್ಣೆ ಇದೆಯೋ, ಕಡ್ಡಿ ಹಸಿಯಾಗಿದೆಯೋ ಎಂದು ದಿನವೂ ನೋಡಿಕೊಳ್ಳುವುದು ಅವಧಾನ. ಮೇಲಿನ ಮೂರನ್ನು ಕುರಿತು ಮಾತನಾಡಲು ಬಹುಜನರು ಬಯಸುತ್ತಾರೆ. ಆದರೆ ಕೆಳಗಿನ ಮೂರು ಮೆಟ್ಟಿಲುಗಳನ್ನು ಬಿಟ್ಟು ಮಾಳಿಗೆಗೆ ಹಾರಿದವನಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ದಿನವೂ ಮಾಡಿದ್ದನ್ನೇ ಮಾಡಿದರೆ ಅದು ಕೇವಲ ರೂಢಿಯಾಗಿ ಜಡವಾಗುವುದಿಲ್ಲವೇ? ಭಾವವಿಲ್ಲದ ಪೂಜೆಯನ್ನೂ ಆಡಂಬರದ ಅರ್ಚನೆಯನ್ನೂ ಬಸವಾದಿ ಪ್ರಮಥರು ಕಟುವಾಗಿ ಖಂಡಿಸಲಿಲ್ಲವೇ? ಆಕ್ಷೇಪವು ಯುಕ್ತವಾದುದೇ. ಅದನ್ನು ಮರೆಮಾಚುವುದು ಶರಣಧರ್ಮಕ್ಕೆ ಒಪ್ಪುವುದಿಲ್ಲ. ಗೂಡಿನಲ್ಲಿ ಇಟ್ಟ ಕಡ್ಡಿಯು ಬೆಳಕಲ್ಲ, ಅದನ್ನು ಗೀರಬೇಕು. ಹಸಿಯಾದ ಕಡ್ಡಿಯು ಸ್ಥಾನದಲ್ಲಿದ್ದರೂ ಹೊತ್ತದು. ಲೋಕಕ್ಕೆ ತೋರಿಸಲೆಂದು ಮಾಡಿದ ಪೂಜೆ, ಲಿಂಗವನ್ನು ಹಿಡಿದ ಕೈಯಿಂದಲೇ ತೂಕದಲ್ಲಿ ಮೋಸ ಮಾಡಿದ ವ್ಯಾಪಾರ, ಕುಲದ ಗರ್ವ, ಇವೇ ಆ ಹಸಿ. ಅದಕ್ಕಾಗಿಯೇ ಕಾಯಕಶುದ್ಧಿ ಎಂಬ ಬಿಸಿಲಿನಲ್ಲಿ ಪೂಜೆಯನ್ನು ದಿನವೂ ಒಣಗಿಸಬೇಕೆಂಬುದು ಶರಣರ ಅಭಿಪ್ರಾಯ. ಆದರೆ ಹಸಿಯಾದೀತೆಂದು ಹೆದರಿ ಗೂಡಿನಲ್ಲಿ ಕಡ್ಡಿಯನ್ನೇ ಇಡದವನು ಜಾಣನಲ್ಲ. ಶರಣರು ಖಂಡಿಸಿದ್ದು ಇಡುವುದನ್ನಲ್ಲ, ಇಟ್ಟು ಮರೆಯುವುದನ್ನು. ತಂದೆಯ ಟಾರ್ಚಿನ ಶೆಲ್ಲುಗಳು ಸತ್ತುದು ಅವು ಕೆಟ್ಟ ವಸ್ತುಗಳಾಗಿದ್ದುದರಿಂದಲ್ಲ. ಒಂದು ವರ್ಷ ಯಾರೂ ಅವನ್ನು ನೋಡದೆ ಇದ್ದುದರಿಂದ.

ಇಟ್ಟವರಿಗೇ ಬೆಳಕು ದೊರೆಯದೆ, ಬಹುಕಾಲದ ಅನಂತರ ಬಂದವರಿಗೆ ದೊರೆತ ದೃಷ್ಟಾಂತವೂ ಇದೇ ಜಿಲ್ಲೆಯಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ಅನಂತರ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅವರ ವಚನಗಳು ತಾಡವೋಲೆಗಳಲ್ಲಿ ಉಳಿದು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಶತಮಾನಗಳ ಕಾಲ ಕಟ್ಟುಗಳಾಗಿ ಕುಳಿತವು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳಿಗೆ ಪೂಜೆ ನಡೆಯುತ್ತಿತ್ತೇ ಹೊರತು ಪಠನ ನಡೆಯುತ್ತಿರಲಿಲ್ಲ. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ಓಲೆಗಳನ್ನು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅವರ ತಪಸ್ಸು ದೊಡ್ಡದು. ಆದರೆ ಅವರ ಕೈಗೆ ಓಲೆಗಳು ಸಿಕ್ಕಿದ್ದು ಹೇಗೆ? ಓದಲು ಬಾರದ ಯಾವುದೋ ಮುತ್ತಜ್ಜಿಯು ಅದನ್ನು ಒಲೆಗೆ ಹಾಕದೆ, ಮಾರದೆ, ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲೆಯೇ ಇಟ್ಟಿದ್ದಳು. ರೂಢಿಯೆಂದು ಹಳಿಯಲ್ಪಡುವ ಆ ಇಡುವಿಕೆಯಿಂದಲೇ ಇಂದು ವಚನಗಳು ಲೋಕದ ಕಣ್ಣಿಗೆ ಬಿದ್ದಿವೆ. ಆದುದರಿಂದ ಅರ್ಥವನ್ನು ತಿಳಿದು ಮಾಡುವುದು ಉತ್ತಮ. ಅರ್ಥವು ತಿಳಿಯುವವರೆಗೆ ಇಟ್ಟುಕೊಂಡಿರುವುದು ಮಧ್ಯಮ. ತಿಳಿಯಲಿಲ್ಲವೆಂದು ಬಿಸಾಡುವುದು ಅಧಮ.

ವಿಜ್ಞಾನದ ಲೋಕದಲ್ಲಿಯೂ ಈ ನಿಯಮವೇ ಕಾಣುತ್ತದೆ. 2012ನೆಯ ಇಸವಿ ಜುಲೈ 30 ಮತ್ತು 31ರಂದು ಭಾರತದ ವಿದ್ಯುಜ್ಜಾಲವು ಕುಸಿಯಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾಗಗಳೆಲ್ಲ ಒಮ್ಮೆಗೇ ಆರಿ, ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ವಿದ್ಯುತ್ತಿಲ್ಲದೆ ಉಳಿಯಿತು. ರೈಲುಗಳು ನಿಂತವು, ಗಣಿಗಳಲ್ಲಿ ಕಾರ್ಮಿಕರು ಸಿಕ್ಕಿಬಿದ್ದರು. ದಕ್ಷಿಣದ ಜಾಲವು ಆಗ ಉಳಿದುದರೊಂದಿಗೆ ಏಕತಾನವಾಗಿ ಬೆಸೆದಿರಲಿಲ್ಲವಾದ್ದರಿಂದ ಈ ಕತ್ತಲೆಯು ಕರ್ನಾಟಕವನ್ನು ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟಿನ ಮಾರ್ಗದಿಂದ ದೇಶವೆಲ್ಲ ಒಂದೇ ಜಾಲವಾಯಿತು.

ಹೀಗೆ ಜಾಲವೇ ಆರಿದಾಗ ದೊಡ್ಡ ದೊಡ್ಡ ಉಷ್ಣಸ್ಥಾವರಗಳು ತಾವಾಗಿಯೇ ಏಳಲಾರವು ಎಂಬ ಸಂಗತಿಯು ಸಾಮಾನ್ಯ ಜನರಿಗೆ ತಿಳಿದಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ತಲಾ 800 ಮೆಗಾವಾಟಿನ 3 ಘಟಕಗಳಿವೆ. ಒಟ್ಟು ಸಾಮರ್ಥ್ಯ 2400 ಮೆಗಾವಾಟ್. ಅಷ್ಟು ಬೃಹತ್ತಾದ ಸ್ಥಾವರಕ್ಕೂ ಕಲ್ಲಿದ್ದಲನ್ನು ಪುಡಿಮಾಡಲು, ನೀರನ್ನು ಎತ್ತಲು, ಗಾಳಿಯನ್ನು ಊದಲು ಮೊದಲು ಹೊರಗಿನಿಂದ ವಿದ್ಯುತ್ತು ಬೇಕು. ಅದು ಇಲ್ಲದಿದ್ದರೆ ಕಲ್ಲಿದ್ದಲಿನ ಬೆಟ್ಟವೇ ಬಳಿಯಲ್ಲಿದ್ದರೂ ಅದು ಕತ್ತಲೆಯಲ್ಲಿ ಕುಳಿತಿರಬೇಕು. ಆಗ ನೆರವಿಗೆ ಬರುವುದು ಜಲವಿದ್ಯುತ್ ಕೇಂದ್ರಗಳು. ಅಲ್ಲಿ ಇಂಥ ಸಮಯಕ್ಕೆಂದೇ ಇಟ್ಟಿರುವ ಸಣ್ಣ ಡೀಸೆಲ್ ಯಂತ್ರವೋ ಬ್ಯಾಟರಿಗಳ ಸಾಲೋ ಸಾಕು, ಬಾಗಿಲು ತೆರೆದು ನೀರು ಹರಿಸಿ ಚಕ್ರವನ್ನು ತಿರುಗಿಸಲು. ಆ ಸಣ್ಣ ಬೆಳಕಿನಿಂದ ಮುಂದಿನ ಕೇಂದ್ರ, ಅದರಿಂದ ಮತ್ತೊಂದು, ಹೀಗೆ ಹಂತಹಂತವಾಗಿ ನಾಡೆಲ್ಲ ಬೆಳಗುತ್ತದೆ. ವರ್ಷಾನುಗಟ್ಟಲೆ ಬೇಕಾಗದಿದ್ದರೂ ಆ ಸಣ್ಣ ಯಂತ್ರವನ್ನು ಕಾಲಕಾಲಕ್ಕೆ ನಡೆಸಿ ಪರೀಕ್ಷಿಸಿ ಇಟ್ಟಿರಬೇಕು. ಕನಮಡಿಯ ಗೂಡಿಗೂ ಜಲವಿದ್ಯುತ್ ಕೇಂದ್ರದ ಆ ಯಂತ್ರಕ್ಕೂ ತತ್ತ್ವದಲ್ಲಿ ಭೇದವಿಲ್ಲ. ದೊಡ್ಡದು ನಿಂತಾಗ ಅದನ್ನು ಎಬ್ಬಿಸುವುದು, ಎಚ್ಚರದಿಂದ ಕಾಪಾಡಿಟ್ಟ ಚಿಕ್ಕದು.

ಗೃಹಸ್ಥನ ಬಾಳಿನಲ್ಲಿಯೂ ದೊಡ್ಡ ಆಧಾರಗಳು ಒಮ್ಮೆಗೇ ನಿಲ್ಲುವ ರಾತ್ರಿಗಳುಂಟು. ಧನ, ಬಂಧು, ವಿದ್ಯೆ, ಅಧಿಕಾರ ಇವೆಲ್ಲ ಒಂದರ ಬಲದಿಂದ ಒಂದು ನಡೆಯತಕ್ಕವು. ಒಂದು ಕುಸಿದರೆ ಉಳಿದುವೂ ಕುಸಿಯುತ್ತವೆ. ಆ ಕನಮಡಿಯ ಬಾಲಕನಿಗೆ ಅಂಥ ರಾತ್ರಿ ಬಂದುದು 2021ರಲ್ಲಿ. ಕೊರೋನಾ ವ್ಯಾಧಿಯ ಎರಡನೆಯ ಅಲೆಯಲ್ಲಿ ಆತನು ಒಂದು ಆಸ್ಪತ್ರೆಯಲ್ಲಿ ಮಲಗಿದ್ದನು. ಹೆಂಡತಿ ಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಮುಖವನ್ನು ಮುಚ್ಚಿಕೊಂಡ ವೈದ್ಯರೂ ದಾದಿಯರೂ ತಮ್ಮ ಶಕ್ತಿ ಮೀರಿ ದುಡಿಯುತ್ತಿದ್ದರೂ ಯಾರ ಮುಖವೂ ಕಾಣುತ್ತಿರಲಿಲ್ಲ. ದೀಪಗಳೆಲ್ಲ ಉರಿಯುತ್ತಿದ್ದವು, ಆದರೂ ಅದಕ್ಕಿಂತ ಗಾಢವಾದ ಕತ್ತಲೆಯನ್ನು ತಾನು ಕಂಡಿಲ್ಲವೆಂದು ಆತನು ಹೇಳುತ್ತಾನೆ. ಬಲಗಡೆಯ ಹಾಸಿಗೆಯು ಮಧ್ಯರಾತ್ರಿ ಬರಿದಾಯಿತು. ಬೆಳಗಾಗುವುದರೊಳಗೆ ತನ್ನದೂ ಬರಿದಾದೀತೆಂದು ಆತನಿಗೆ ತೋರಿತು. ಓದಿದ ಮಾತುಗಳನ್ನು ನೆನೆಯಲು ಯತ್ನಿಸಿದನು. ಒಂದೂ ನೆನಪಿಗೆ ಬರಲಿಲ್ಲ.

ಆಗ ಕೈಯು ತಾನಾಗಿಯೇ ಎದೆಯ ಮೇಲೆ ಹೋಯಿತು. ಪತ್ರೆಯಿಲ್ಲ, ಭಸ್ಮವಿಲ್ಲ, ಸ್ನಾನವಿಲ್ಲ. ನಲವತ್ತು ವರ್ಷಗಳಿಂದ ಪ್ರತಿನಿತ್ಯವೂ ಹೋದ ದಾರಿಯಲ್ಲಿ ಕೈ ಹೋಯಿತು, ಬೆರಳುಗಳು ಕರಡಿಗೆಯನ್ನು ಹಿಡಿದವು. ಮರೆತಿದ್ದ ಪಂಚಾಕ್ಷರವು ಕೈಯ ಹಿಂದೆಯೇ ಬಂದಿತು. ಲಿಂಗವು ಜ್ವರವನ್ನು ಇಳಿಸಿತೆಂದು ಆತನು ಹೇಳುವುದಿಲ್ಲ. ಪ್ರಾಣವನ್ನು ಉಳಿಸಿದ್ದು ಆಮ್ಲಜನಕವೂ ವೈದ್ಯರ ಕಾಯಕವೂ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಅಂದು ರಾತ್ರಿ ಲಿಂಗವು ಹೋಗಲಾಡಿಸಿದ್ದು ಭಯವನ್ನು. ಭಯವು ಇಳಿದೊಡನೆ ಎಡಗಡೆಯ ಹಾಸಿಗೆಯಲ್ಲಿ ಒಬ್ಬ ವೃದ್ಧನು ಮೆಲ್ಲಗೆ ಅಳುತ್ತಿರುವುದು ಆತನಿಗೆ ಕೇಳಿಸಿತು. ಅದುವರೆಗೂ ಆ ಅಳು ನಡೆದೇ ಇತ್ತು, ಕೇಳಿಸಿರಲಿಲ್ಲ. ಆತನು ವೃದ್ಧನ ಊರನ್ನು ಕೇಳಿದನು, ಮೊಮ್ಮಕ್ಕಳ ಹೆಸರುಗಳನ್ನು ಕೇಳಿದನು. ಹೀಗೆ ಮಾತನಾಡುತ್ತ ಇಬ್ಬರಿಗೂ ಬೆಳಗಾಯಿತು.

ಈ ಕೊನೆಯ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಕನಮಡಿಯ ಮೊದಲನೆಯ ರಾತ್ರಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ದೀಪ ಹೊತ್ತಿದ ಸ್ವಲ್ಪ ಹೊತ್ತಿನಲ್ಲಿ ನೆರೆಯ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು ಬೆಂಕಿ ಕೇಳಿದಳು. ಆ ಮನೆಯಲ್ಲಿ ಬಾಣಂತಿ ಇದ್ದಳು, ಹನ್ನೆರಡು ದಿನದ ಕೂಸು ಇತ್ತು. ಅಜ್ಜಿಯು ಬೆಂಕಿಯನ್ನಷ್ಟೇ ಕೊಡಲಿಲ್ಲ. ಕಂದೀಲನ್ನೇ ಕೊಟ್ಟು ಕಳುಹಿಸಿ, ತನ್ನ ಮನೆಯವರನ್ನು ಚಿಮಣಿಯ ಸಣ್ಣ ಬೆಳಕಿನಲ್ಲಿ ಕೂಡಿಸಿದಳು. ಮೂರು ರಾತ್ರಿಯೂ ಕಂದೀಲು ಅಲ್ಲಿಯೇ ಉರಿಯಿತು. ಹಗಲಿನಲ್ಲಿ ಅದನ್ನು ತರಿಸಿ ಗಾಜು ತಿಕ್ಕಿ ಎಣ್ಣೆ ಹಾಕಿ ಮತ್ತೆ ಕಳುಹಿಸುತ್ತಿದ್ದಳು. ಬಾಲಕನಿಗೆ ಆಗ ಸಿಟ್ಟು ಬಂದಿತ್ತು. ದೊಡ್ಡ ದೀಪವನ್ನು ಅನ್ಯರಿಗೆ ಏಕೆ ಕೊಡಬೇಕು? ದಾಸೋಹವೆಂದರೆ ಏನೆಂಬುದು ಅವನಿಗೆ ತಿಳಿದುದು ಬಹಳ ವರ್ಷಗಳ ಮೇಲೆ. ಕತ್ತಲೆಯಲ್ಲಿ ತಡಕಾಡುತ್ತಿರುವವನು ಎಷ್ಟೇ ದಯಾಳುವಾದರೂ ಏನನ್ನೂ ಕೊಡಲಾರನು. ಅವನ ಎರಡು ಕೈಗಳೂ ಹುಡುಕುವುದರಲ್ಲಿ ತೊಡಗಿರುತ್ತವೆ. ಇಟ್ಟುಕೊಂಡವನ ಕೈ ಬೇಗನೆ ಬರಿದಾಗಿ ಕೊಡಲು ಸಿದ್ಧವಾಗುತ್ತದೆ. ಆದ್ದರಿಂದ ಲಿಂಗನಿಷ್ಠೆಯು ತನ್ನೊಬ್ಬನ ರಕ್ಷಣೆಯ ಉಪಾಯವಲ್ಲ. ಅದರ ಫಲವು ಜಂಗಮಮುಖವಾಗಿ ಸಮಾಜಕ್ಕೆ ಸಲ್ಲಬೇಕು.

ಇಂದಿನ ಮನೆಗಳಲ್ಲಿ ಇನ್ವರ್ಟರ್ ಬಂದಿದೆ. ಅಂಗೈಯಲ್ಲಿರುವ ದೂರವಾಣಿಯೇ ಟಾರ್ಚಾಗಿದೆ. ಗೃಹಜ್ಯೋತಿ ಯೋಜನೆಯು 2023ರಲ್ಲಿ ಆರಂಭವಾಗಿ, ಮಿತಿಯೊಳಗೆ ಬಳಸುವ ಮನೆಗಳ ವಿದ್ಯುತ್ತಿನ ಶುಲ್ಕವನ್ನೂ ಸರಕಾರವು ವಹಿಸಿಕೊಂಡಿದೆ. ಇವು ಸಂತೋಷದ ಸಂಗತಿಗಳೇ. ಕತ್ತಲೆಯಲ್ಲಿ ಹೊಗೆ ಕುಡಿಯುತ್ತ ಅಡಿಗೆ ಮಾಡಿದ ತಾಯಂದಿರ ಕಷ್ಟವನ್ನು ಬಲ್ಲವರು ಹಳೆಯ ಕತ್ತಲೆಯನ್ನು ಹೊಗಳಲಾರರು. ಆದರೆ ಇದರಿಂದ ಒಂದು ಶಿಕ್ಷಣವು ಮನೆಯಿಂದ ಮರೆಯಾಗುತ್ತಿದೆ. ಮಕ್ಕಳು ಹಿರಿಯರ ಕೈಯನ್ನು ನೋಡುವ ಅವಕಾಶವು ಕಡಿಮೆಯಾಗಿದೆ. ಅಜ್ಜಿಯು ಬತ್ತಿ ಕತ್ತರಿಸುವುದನ್ನು ಮೊಮ್ಮಗನು ನೋಡಿದನು. ಆಕೆ ಉಪದೇಶಿಸಿದ್ದು ಎರಡೇ ಮಾತು, ಉಳಿದುದೆಲ್ಲ ನೋಡಿ ಕಲಿತದ್ದು. ಲಿಂಗಪೂಜೆಯನ್ನು ಮಾಡಿರೆಂದು ಮಕ್ಕಳಿಗೆ ಹೇಳುವ ತಂದೆತಾಯಿಗಳು ಅನೇಕರಿದ್ದಾರೆ. ತಾವು ಮಾಡುವುದನ್ನು ಮಕ್ಕಳು ನೋಡುವಂತೆ ಕುಳಿತುಕೊಳ್ಳುವವರು ವಿರಳ. ದೀಕ್ಷೆಯಾದ ಲಿಂಗವು ಕಪಾಟಿನ ಖಾನೆಯಲ್ಲಿ, ಚಿನ್ನದ ಒಡವೆಗಳ ಜೊತೆಯಲ್ಲಿ ಭದ್ರವಾಗಿರುವ ಮನೆಗಳೂ ಉಂಟು. ಅಲ್ಲಿ ಅದು ಕಳೆದುಹೋಗಲಾರದು, ನಿಜ. ಆದರೆ ಬೇಕಾದ ರಾತ್ರಿಯಲ್ಲಿ ಕೈಗೂ ಸಿಗಲಾರದು.

ಆದಕಾರಣ ಸದ್ಭಕ್ತರಾದ ಗೃಹಸ್ಥರು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ಪೂಜೆಗೆ ಒಂದು ಹೊತ್ತನ್ನೂ ಒಂದು ಸ್ಥಾನವನ್ನೂ ಗೊತ್ತುಮಾಡಿ, ಅಲ್ಪಕಾಲವಾದರೂ ತಪ್ಪದೆ ನಡೆಸುವುದು. ಹಬ್ಬದ ದಿನ ಎರಡು ತಾಸು ಮಾಡಿ ಉಳಿದ ದಿನ ಬಿಡುವುದಕ್ಕಿಂತ ನಿತ್ಯವೂ ಕಾಲು ತಾಸು ಮಾಡುವುದು ಶ್ರೇಷ್ಠ. ಎರಡನೆಯದು, ದಿನದ ಕೊನೆಗೆ ತನ್ನ ಕಾಯಕವನ್ನು ಪರೀಕ್ಷಿಸಿಕೊಂಡು ಹಸಿಯನ್ನು ಒಣಗಿಸುವುದು. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಅದನ್ನು ಸರಿಪಡಿಸದೆ ಮರುದಿನದ ಪೂಜೆಗೆ ಕುಳಿತುಕೊಳ್ಳದಿರುವುದು. ಮೂರನೆಯದು, ಕಷ್ಟದಲ್ಲಿರುವ ನೆರೆಯವರು ಬಾಗಿಲಿಗೆ ಬಂದಾಗ ಚಿಮಣಿಯನ್ನು ತನಗಿಟ್ಟುಕೊಂಡು ಕಂದೀಲನ್ನು ಅವರಿಗೆ ಕೊಡುವುದು. ಈ ಮೂರೂ ಸುಖದ ದಿನಗಳಲ್ಲಿ ಆಗತಕ್ಕ ಕೆಲಸಗಳು. ದುಃಖದ ದಿನ ಬಂದ ಮೇಲೆ ಕಲಿಯುತ್ತೇನೆಂದರೆ ಆಗ ಕಲಿಸುವ ಬೆಳಕು ಇರುವುದಿಲ್ಲ.

ಇಷ್ಟಲಿಂಗದಲ್ಲಿ ನೆಟ್ಟ ನಿಷ್ಠೆಯು ಕಾಲಕ್ರಮದಲ್ಲಿ ಪ್ರಾಣಲಿಂಗವನ್ನು ತೋರಿಸಿ, ಭಾವಲಿಂಗದಲ್ಲಿ ನೆಲೆಗೊಳಿಸುವುದೆಂಬುದು ಅನುಭಾವಿಗಳ ಸಿದ್ಧಾಂತ. ಕೈ ಬಲ್ಲ ದಾರಿಯನ್ನು ಪ್ರಾಣವು ಬಲ್ಲಂತಾಗಲಿ, ಪ್ರಾಣವು ಬಲ್ಲ ದಾರಿಯನ್ನು ಭಾವವು ಬಲ್ಲಂತಾಗಲಿ. ಅಂಥ ನಿಷ್ಠೆಯನ್ನೂ ಅವಧಾನವನ್ನೂ ಪರಶಿವನು ಸಕಲ ಸದ್ಭಕ್ತರಿಗೆ ಕರುಣಿಸಲಿ.